ಅಪರೂಪದ ಮತ್ತು ಅಳಿವಿನಂಚಿನ ಸ್ಥಳೀಯ ಸಸ್ಯಗಳು: ಗುರುತು, ವಿಂಗಡಣೆ, ರಕ್ಷಣೆ

ಒಂದು ಪ್ರದೇಶದಲ್ಲಿ ಮನುಷ್ಯರು ತಂದು ನೆಡದೆ ತಾನಾಗಿ ಬೆಳೆದುಬಂದ ಸಸ್ಯಗಳಲ್ಲಿ ಕೆಲವು ಸಂಖ್ಯೆಯಲ್ಲಿ ಕಡಿಮೆ, ಕೆಲವು ಹರವಿನಲ್ಲಿ ಕಿರಿದು, ಇನ್ನು ಕೆಲವು ಕಣ್ಣೆದುರೇ ಕರಗುತ್ತಿರುವಂಥವು. ಇವನ್ನು ಗುರುತಿಸಿ, ಅಪಾಯದ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ, ಉಳಿಸಿಕೊಳ್ಳುವ ಕೆಲಸದಲ್ಲಿ ಸಸ್ಯವಿಜ್ಞಾನ, ಕಾನೂನು, ಅರಣ್ಯಾಡಳಿತ ಮತ್ತು ಊರಿನವರ ಅನುಭವ ನಾಲ್ಕೂ ಬೇಕಾಗುತ್ತವೆ. ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಪದ್ಧತಿಯನ್ನು ವಿವರಿಸುವ ಈ ಲೇಖನ ಉದಾಹರಣೆಗಳನ್ನು ಮಾತ್ರ ಹೆಚ್ಚಾಗಿ ಪಶ್ಚಿಮ ಘಟ್ಟದ ಕರ್ನಾಟಕ ಭಾಗದಿಂದ, ಅದರಲ್ಲೂ ಶರಾವತಿ, ಅಘನಾಶಿನಿ ಕಣಿವೆಗಳಿಂದ ಎತ್ತಿಕೊಳ್ಳುತ್ತದೆ. ಪಟ್ಟಿಗಳು ಜಾತಿಗಳನ್ನು ಎಣಿಸುತ್ತವೆ, ಕಾನೂನು ಕೀಳುವುದನ್ನೂ ಮಾರುವುದನ್ನೂ ತಡೆಯುತ್ತದೆ. ಆದರೆ ಈ ಕಣಿವೆಗಳ ಗಿಡಮರಗಳು ಇಲ್ಲವಾಗುವುದು ಬಹಳ ಸಲ ಅವುಗಳ ಬುಡದ ನೀರು ದಾರಿ ತಪ್ಪಿದಾಗ.

ಅಪರೂಪ ಎಂದರೆ ಏನು

ಪತ್ರಿಕೆಯ ಕನ್ನಡದಲ್ಲಿ ‘ಅಪರೂಪದ’, ‘ವಿರಳ’, ‘ಅಳಿವಿನಂಚಿನ’ ಎಂಬ ಮಾತುಗಳು ಒಂದರ ಬದಲು ಇನ್ನೊಂದು ಬಳಕೆಯಾಗುತ್ತವೆ. ಶಾಸ್ತ್ರದಲ್ಲಿ ಹಾಗಲ್ಲ. ಅಪರೂಪವಾದ ಗಿಡಕ್ಕೆ ಯಾವ ಅಪಾಯವೂ ಇಲ್ಲದಿರಬಹುದು. ಸಾವಿರಗಟ್ಟಲೆ ಇರುವ ಗಿಡ ಹತ್ತು ವರ್ಷದಲ್ಲಿ ಮುಗಿದುಹೋಗಲೂಬಹುದು. ಅಮೆರಿಕದ ಸಸ್ಯವಿಜ್ಞಾನಿ ಡೆಬೊರಾ ರಬಿನೋವಿಟ್ಜ್ 1981ರಲ್ಲಿ ಈ ಗೊಂದಲವನ್ನು ಮೂರು ಪ್ರಶ್ನೆಗಳಿಂದ ಬಿಡಿಸಿದರು. ಗಿಡದ ಹರವು ದೊಡ್ಡದೋ ಚಿಕ್ಕದೋ? ಅದು ಎಲ್ಲೆಂದರಲ್ಲಿ ಬದುಕುತ್ತದೋ, ಒಂದೇ ಬಗೆಯ ನೆಲೆ ಬೇಕೋ? ಸಿಕ್ಕ ಜಾಗದಲ್ಲಿ ಹೇರಳವಾಗಿರುತ್ತದೋ, ಅಲ್ಲೂ ಬಿಡಿಬಿಡಿಯೋ? ಉತ್ತರಗಳನ್ನು ಜೋಡಿಸಿದರೆ ಎಂಟು ಬಗೆಗಳಾಗುತ್ತವೆ. ಅವುಗಳಲ್ಲಿ ನಿಜವಾಗಿ ಸಾಮಾನ್ಯ ಎನ್ನಬಹುದಾದದ್ದು ಒಂದೇ. ಉಳಿದ ಏಳೂ ಒಂದೊಂದು ರೀತಿಯ ಅಪರೂಪ. ಎತ್ತರದ ಬೆಟ್ಟದ ಹುಲ್ಲುಗಾವಲಲ್ಲಷ್ಟೇ ಬದುಕುವ ಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಇಡೀ ಇಳಿಜಾರನ್ನು ನೀಲಿಯಾಗಿಸುವಷ್ಟು ಇರುತ್ತದೆ, ಬೆಟ್ಟ ಬಿಟ್ಟರೆ ಇಲ್ಲ. ಮರದರಿಶಿನದ ಬಳ್ಳಿ ಪಶ್ಚಿಮ ಘಟ್ಟದಿಂದ ಶ್ರೀಲಂಕಾ ದಾಟಿ ಆಗ್ನೇಯ ಏಷ್ಯದವರೆಗೂ ಹರಡಿದೆ, ಆದರೆ ನಮ್ಮ ಯಾವ ಕಾಡಿನಲ್ಲೂ ಅದು ಮಂದೆಯಾಗಿ ಕಾಣುವುದಿಲ್ಲ. ಎರಡೂ ಅಪರೂಪವೇ. ಎರಡಕ್ಕೂ ಒಂದೇ ಮದ್ದು ನಡೆಯದು.

‘ಸ್ಥಳೀಯ’ ಎಂಬ ಮಾತೂ ಸಲೀಸಲ್ಲ. 2014ರಲ್ಲಿ ಕೇರಳದ ಸಸ್ಯಶಾಸ್ತ್ರಜ್ಞರು ಪ್ರಕಟಿಸಿದ ಪಶ್ಚಿಮ ಘಟ್ಟದ ಹೂಬಿಡುವ ಸಸ್ಯಗಳ ಲೆಕ್ಕದಲ್ಲಿ ಒಟ್ಟು 7,402 ಜಾತಿಗಳಿವೆ. ಇವುಗಳಲ್ಲಿ ನಿಜಕ್ಕೂ ಇಲ್ಲಿನವು 5,588. ಹೊರಗಿನಿಂದ ಬಂದು ಇಲ್ಲೇ ನೆಲೆನಿಂತವು 376. ಮಿಕ್ಕವು ಮನುಷ್ಯರು ನೆಟ್ಟು ಸಾಕುವಂಥವು. ಇಲ್ಲಿನವುಗಳಲ್ಲೂ 1,273 ಜಾತಿಗಳು ಘಟ್ಟದಾಚೆ ಜಗತ್ತಿನ ಬೇರೆಲ್ಲೂ ಇಲ್ಲ. ಇಂಥವನ್ನು ಸ್ಥಳಸೀಮಿತ ಎನ್ನುತ್ತಾರೆ, ರಕ್ಷಣೆಯ ಪೂರ್ತಿ ಹೊಣೆ ನಮ್ಮ ಮೇಲೇ ಬೀಳುವುದು ಇವುಗಳದ್ದು. ಗಡಿರೇಖೆ ಮಸುಕಾಗಿರುವ ಮರಗಳೂ ಇವೆ. ಮೈಸೂರಿನ ಹೆಸರಿನೊಂದಿಗೇ ಅಂಟಿಕೊಂಡಿರುವ ಶ್ರೀಗಂಧ ಬಹು ಹಿಂದೆ ಇಂಡೊನೇಷ್ಯದ ದ್ವೀಪಗಳಿಂದ ಬಂದಿರಬಹುದೆಂಬ ವಾದ ಸಸ್ಯವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು 2007ರಲ್ಲಿ ಘೋಷಣೆಯಾದದ್ದು ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು. ಹುಣಸೆಯ ಮೂಲವೋ ಆಫ್ರಿಕ! ತೋಪು ಉಳಿಯಬೇಕಾದದ್ದೇ, ಆ ಮುದಿ ಮರಗಳಿಗೆ ಸಾಟಿಯಿಲ್ಲ. ಸಂಸ್ಕೃತಿ ತನ್ನದೆಂದು ಒಪ್ಪಿಕೊಂಡದ್ದಕ್ಕೂ ಭೂವಿಜ್ಞಾನದ ಕಾಲಮಾನದಲ್ಲಿ ಇಲ್ಲಿ ಹುಟ್ಟಿದ್ದಕ್ಕೂ ಲೆಕ್ಕ ಬೇರೆ ಎಂಬುದಷ್ಟೇ ಇಲ್ಲಿ ಹೇಳಬೇಕಾದ ಮಾತು.

ಮೊದಲು ಹೆಸರು

ಹೆಸರಿಲ್ಲದ ಗಿಡ ಯಾವ ಪಟ್ಟಿಗೂ ಸೇರುವುದಿಲ್ಲ. ಊರಿನ ಹೆಸರು ಇದ್ದರೂ ಸಾಲದು, ಒಂದೇ ಹೆಸರಿಗೆ ನಾಲ್ಕು ಗಿಡ, ಒಂದೇ ಗಿಡಕ್ಕೆ ನಾಲ್ಕು ಹೆಸರು ಇರುವುದು ಮಾಮೂಲು. ಲಿನ್ನೇಯಸ್ 1753ರಲ್ಲಿ ಜಾರಿಗೆ ತಂದ ಎರಡು ಪದಗಳ ಹೆಸರಿನ ಹಿಂದೆ ಒಣಗಿಸಿ, ರಟ್ಟಿಗೆ ಅಂಟಿಸಿ, ಎಲ್ಲಿ ಯಾವಾಗ ಯಾರು ಕಿತ್ತರೆಂದು ಬರೆದಿಟ್ಟ ಮಾದರಿ ಇರುತ್ತದೆ. ಅಂಥ ಹಾಳೆಗಳ ಭಂಡಾರವೇ ಹರ್ಬೇರಿಯಂ. ಸಂಶಯ ಬಂದಾಗ ಕೊನೆಯ ಸಾಕ್ಷಿ ಹೇಳುವುದು ಆ ಹಾಳೆ.

ಘಟ್ಟದ ಸಸ್ಯಗಳ ದಾಖಲೆ ದೊಡ್ಡ ಪ್ರಮಾಣದಲ್ಲಿ ಆರಂಭವಾದದ್ದು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಬಂದ ‘ಹೊರ್ಟಸ್ ಮಲಬಾರಿಕಸ್’ನಿಂದ. ಡಚ್ಚರ ಹೆಸರಲ್ಲಿ ಬಂದ ಆ ಗ್ರಂಥದ ಜ್ಞಾನ ಇಟ್ಟಿ ಅಚ್ಯುತನ್ ಎಂಬ ವೈದ್ಯರದ್ದು ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರದ್ದು. ಆಮೇಲೆ ಬ್ರಿಟಿಷ್ ಭಾರತದ ಸಸ್ಯಗಳ ಬಗ್ಗೆ ಹುಕರ್, ಮುಂಬೈ ಪ್ರಾಂತದ ಬಗ್ಗೆ ಕುಕ್, ಉತ್ತರ ಕನ್ನಡದ ಕಾಡಿನಲ್ಲೇ ಕೆಲಸ ಮಾಡಿದ ಟಾಲ್ಬಟ್, ಮದರಾಸು ಪ್ರಾಂತದ ಬಗ್ಗೆ ಗ್ಯಾಂಬಲ್ ಬರೆದರು. ಕರ್ನಾಟಕದ ಮಟ್ಟಿಗೆ ದೊಡ್ಡ ಹೆಸರು ಪಾದ್ರಿ ಸೆಸಿಲ್ ಸಲ್ಡಾನ ಅವರದ್ದು. ಡ್ಯಾನ್ ನಿಕಲ್ಸನ್ ಜೊತೆ ಅವರು 1976ರಲ್ಲಿ ತಂದ ಹಾಸನ ಜಿಲ್ಲೆಯ ಸಸ್ಯಗ್ರಂಥ, 1984 ಮತ್ತು 1996ರಲ್ಲಿ ಬಂದ ಕರ್ನಾಟಕ ಸಸ್ಯಗ್ರಂಥದ ಎರಡು ಸಂಪುಟಗಳು ಇಂದಿಗೂ ಕೈಪಿಡಿಗಳು. ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಬೆಳೆದ ಅವರ ಮಾದರಿಗಳ ಸಂಗ್ರಹ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

ಹಾಳೆಯೊಂದು ಏನು ಮಾಡಬಲ್ಲದು ಎಂಬುದಕ್ಕೆ ಜೋಗದ ಹುಲ್ಲೊಂದರ ಕತೆ ಸಾಕು. 1919ರಲ್ಲಿ ಸೆಜ್‌ವಿಕ್ ಮತ್ತು ಬೆಲ್ ಎಂಬ ಇಬ್ಬರು ಅಧಿಕಾರಿಗಳು ಗೇರುಸೊಪ್ಪೆ ಜಲಪಾತದ, ಅಂದರೆ ಇಂದಿನ ಜೋಗದ, ತುಂತುರು ತಾಗುವ ಬಂಡೆಗಳಿಂದ ನವಿರಾದ ಒಂದು ಹುಲ್ಲನ್ನು ಕಿತ್ತು ಒಣಗಿಸಿಟ್ಟರು. ಸುಮಾರು ಮೂರು ದಶಕ ಕಳೆದ ಮೇಲೆ ಬೋರ್ ಎಂಬ ಹುಲ್ಲಿನ ತಜ್ಞರು ಆ ಹಾಳೆ ನೋಡಿ, ಇದು ಜಾತಿಯಷ್ಟೇ ಅಲ್ಲ, ಕುಲವೇ ಹೊಸದು ಎಂದು ಕಂಡುಕೊಂಡರು. ಕ್ಯೂ ಉದ್ಯಾನದ ಹಬ್ಬರ್ಡ್ ಅವರ ಗೌರವಕ್ಕೆ ಹುಬ್ಬಾರ್ಡಿಯ ಹೆಪ್ಟಾನ್ಯೂರಾನ್ ಎಂಬ ಹೆಸರು ಬಿತ್ತು. ಹೆಸರು ಬಂದಾಗ ಹುಲ್ಲು ಜೋಗದಲ್ಲಿ ಸಿಗುತ್ತಿರಲಿಲ್ಲ. ಅದೇ ಕಾಲದಲ್ಲಿ ಶರಾವತಿಗೆ ವಿದ್ಯುತ್ ಯೋಜನೆ ಬಂತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಜಲಪಾತ ವರ್ಷದ ಬಹುಪಾಲು ನೂಲಿನಂತೆ ಇಳಿಯತೊಡಗಿತು. ತುಂತುರಿನಲ್ಲೇ ಬದುಕುವ ಗಿಡಕ್ಕೂ ತುಂತುರು ನಿಂತದ್ದಕ್ಕೂ ನಂಟು ಕಲ್ಪಿಸದಿರುವುದು ಕಷ್ಟ. ನಿರ್ನಾಮವಾಯಿತೆಂದೇ ಬಗೆದಿದ್ದ ಆ ಹುಲ್ಲನ್ನು, ಮೊದಲು ಕಿತ್ತ ಸುಮಾರು ಎಂಟು ದಶಕಗಳ ನಂತರ, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ಮಹಾರಾಷ್ಟ್ರದ ತಿಲಾರಿ ಘಟ್ಟದಲ್ಲಿ ಪತ್ತೆಹಚ್ಚಿದರು. ಹೋಲಿಸಿ ನೋಡಲು ಹಳೆಯ ಮಾದರಿ ಇಲ್ಲದಿದ್ದರೆ ತಿಲಾರಿಯ ಹುಲ್ಲು ಬರೀ ಹುಲ್ಲಾಗಿ ಉಳಿಯುತ್ತಿತ್ತು.

ಕೆಂಪು ಪಟ್ಟಿ

1948ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ, ಅಂದರೆ ಐಯುಸಿಎನ್, 1964ರಿಂದ ಕೆಂಪು ಪಟ್ಟಿಯನ್ನು ನಡೆಸಿಕೊಂಡು ಬಂದಿದೆ. ಮೊದಲ ಮೂರು ದಶಕ ವರ್ಗಗಳು ತಜ್ಞರ ಅಂದಾಜಿನ ಮೇಲೆ ನಿಂತಿದ್ದವು; ಆಗ ‘ಅಪರೂಪ’ ಎಂಬುದೂ ಒಂದು ವರ್ಗವಾಗಿತ್ತು. ಭಾರತೀಯ ಸಸ್ಯ ಸರ್ವೇಕ್ಷಣೆ 1987ರಿಂದ 1990ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ, ನಾಯರ್ ಮತ್ತು ಶಾಸ್ತ್ರಿ ಸಂಪಾದಿಸಿದ ಭಾರತದ ಸಸ್ಯಗಳ ಕೆಂಪು ದತ್ತಾಂಶ ಗ್ರಂಥ ಆ ಹಳೆಯ ಪದ್ಧತಿಯದ್ದು. 1994ರಲ್ಲಿ ಅಂಕಿಗಳ ಆಧಾರದ ಮಾನದಂಡಗಳು ಬಂದವು, ‘ಅಪರೂಪ’ ವರ್ಗ ಬಿದ್ದುಹೋಯಿತು. 2001ರ ಪರಿಷ್ಕೃತ ರೂಪವೇ ಈಗಲೂ ಬಳಕೆಯಲ್ಲಿದೆ. ನಿರ್ನಾಮ, ಕಾಡಿನಲ್ಲಿ ನಿರ್ನಾಮ, ತೀವ್ರ ಅಳಿವಿನಂಚು, ಅಳಿವಿನಂಚು, ಅಪಾಯಸಾಧ್ಯ, ಅಪಾಯದ ಸಮೀಪ, ಸದ್ಯಕ್ಕೆ ಚಿಂತೆಯಿಲ್ಲ ಎಂಬ ಮೆಟ್ಟಿಲುಗಳು. ಪಕ್ಕದಲ್ಲಿ ‘ಮಾಹಿತಿ ಸಾಲದು’ ಮತ್ತು ‘ಇನ್ನೂ ಪರಿಶೀಲಿಸಿಲ್ಲ’ ಎಂಬ ಎರಡು ಖಾನೆ. ನಡುವಣ ಮೂರು ಮೆಟ್ಟಿಲುಗಳನ್ನಷ್ಟೇ ‘ಅಪಾಯದಲ್ಲಿರುವ’ ಜಾತಿಗಳೆಂದು ಒಟ್ಟುಗೂಡಿಸುತ್ತಾರೆ.

ಮೆಟ್ಟಿಲು ತೀರ್ಮಾನವಾಗುವುದು ಐದು ಅಳತೆಗಳಿಂದ: ಸಂಖ್ಯೆ ಎಷ್ಟು ಕುಸಿದಿದೆ, ಹರವು ಎಷ್ಟು ಕಿರಿದು, ಕಡಿಮೆಯಿರುವ ಸಂಖ್ಯೆ ಇನ್ನೂ ಇಳಿಯುತ್ತಿದೆಯೇ, ತೀರಾ ಬೆರಳೆಣಿಕೆಯೇ, ಗಣಿತದ ಮಾದರಿ ನಿರ್ನಾಮದ ಸಂಭವವನ್ನು ಎಷ್ಟೆಂದು ಹೇಳುತ್ತದೆ. ಐದರಲ್ಲಿ ಒಂದು ಹೊಂದಿದರೂ ಸಾಕು. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ದೀರ್ಘವೋ ಅಷ್ಟು ಅವಧಿಯಲ್ಲಿ ಸಾಮಾನ್ಯವಾಗಿ ಶೇಕಡಾ 80ರಷ್ಟು ಕುಸಿದಿದ್ದರೆ ತೀವ್ರ ಅಳಿವಿನಂಚು, ಶೇಕಡಾ 50 ಆದರೆ ಅಳಿವಿನಂಚು, 30 ಆದರೆ ಅಪಾಯಸಾಧ್ಯ. ಹರವಿನ ಲೆಕ್ಕದಲ್ಲಿ 100, 5,000 ಮತ್ತು 20,000 ಚದರ ಕಿಲೋಮೀಟರು ಗಡಿಗಳು, ಜೊತೆಗೆ ನೆಲೆ ಛಿದ್ರವಾಗಿರುವುದು, ಇಳಿಮುಖವಾಗಿರುವುದು ಮೊದಲಾದ ಷರತ್ತು. ಫಲಕ್ಕೆ ಬಂದ ಗಿಡಗಳು 50ಕ್ಕಿಂತ ಕಡಿಮೆಯಿದ್ದರೆ ಬೇರೆ ಏನನ್ನೂ ಕೇಳದೆ ತೀವ್ರ ಅಳಿವಿನಂಚಿಗೆ ಸೇರಿಸಬಹುದು.

ಈ ಅಂಕಿಗಳು ಪ್ರಾಣಿಗಳಿಗೆ ಹೊಂದಿದಷ್ಟು ಸುಲಭವಾಗಿ ಮರಗಳಿಗೆ ಹೊಂದುವುದಿಲ್ಲ. ಒಂದು ತಲೆಮಾರಿಗೆ ಮೂವತ್ತು ನಲವತ್ತು ವರ್ಷ ಹಿಡಿಯುವ ಕಾಡುಮರಕ್ಕೆ ಮೂರು ತಲೆಮಾರೆಂದರೆ ಶತಮಾನದ ಮಾತು. ನೂರು ವರ್ಷದ ಹಿಂದೆ ಆ ಮರಗಳನ್ನು ಎಣಿಸಿದವರು ಯಾರು? ಹೀಗಾಗಿ ನೆಲೆ ಎಷ್ಟು ಹೋಯಿತು ಎಂಬುದರಿಂದ ಮರ ಎಷ್ಟು ಹೋಯಿತು ಎಂದು ಊಹಿಸುತ್ತಾರೆ, ಊಹೆ ಬದಲಾದಾಗ ಮೆಟ್ಟಿಲೂ ಬದಲಾಗುತ್ತದೆ. ಆಂಧ್ರದ ಶೇಷಾಚಲ ಬೆಟ್ಟಗಳ ರಕ್ತಚಂದನ 1998ರಲ್ಲಿ ಅಳಿವಿನಂಚಿನಲ್ಲಿತ್ತು, 2018ರಲ್ಲಿ ಅಪಾಯದ ಸಮೀಪಕ್ಕೆ ಇಳಿಯಿತು, ಕೆಲವೇ ವರ್ಷದಲ್ಲಿ ಮತ್ತೆ ಅಳಿವಿನಂಚಿಗೆ ಮರಳಿತು. ಅಷ್ಟರಲ್ಲಿ ಬೆಟ್ಟದಲ್ಲಿ ಕಳ್ಳಕೊಡಲಿ ಒಂದು ದಿನವೂ ನಿಂತಿರಲಿಲ್ಲ. ಮಧುಕ ಇನ್‌ಸಿಗ್ನಿಸ್ ಎಂಬ, ಹಿಪ್ಪೆಯ ಬಳಗದ ಹೊಳೆದಂಡೆಯ ಮರ ಇನ್ನೂ ವಿಚಿತ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಕನ್ನಡದಲ್ಲಿ ಸಿಕ್ಕಿದ್ದ ಅದನ್ನು 1998ರ ಪಟ್ಟಿ ನಿರ್ನಾಮ ಎಂದು ಬರೆಯಿತು. ಕೆಲವೇ ವರ್ಷಗಳಲ್ಲಿ ಅದು ಕರಾವಳಿ ಜಿಲ್ಲೆಗಳ ಹೊಳೆಬದಿಯಲ್ಲಿ ಜೀವಂತವಾಗಿ ಸಿಕ್ಕಿತು. ಹೊಳೆಯಂಚಿನ ಊರುಗಳವರಿಗೆ ಅದು ಕಳೆದುಹೋಗಿರಲೇ ಇಲ್ಲ, ಅದರ ಲ್ಯಾಟಿನ್ ಹೆಸರು ಗೊತ್ತಿರಲಿಲ್ಲ ಅಷ್ಟೆ.

ಪಟ್ಟಿಗೆ ಕಾಣದ ಇನ್ನೊಂದು ನಷ್ಟವೂ ಇದೆ. ಮಾವು ಕೆಂಪು ಪಟ್ಟಿಯಲ್ಲಿ ‘ಮಾಹಿತಿ ಸಾಲದು’ ಖಾನೆಯಲ್ಲಿದೆ, ಏಕೆಂದರೆ ನಿಜವಾದ ಕಾಡುಮಾವು ಯಾವುದೆಂದು ಬೇರ್ಪಡಿಸುವುದೇ ಕಷ್ಟ. ಆ ಒಂದು ಹೆಸರಿನಡಿಯೇ ಮಲೆನಾಡಿನ ಹೊಳೆದಂಡೆಗಳ ಅಪ್ಪೆಮಿಡಿಯ ಮರಗಳಿವೆ, ಒಂದೊಂದಕ್ಕೂ ಬೇರೆ ಸೊನೆ, ಬೇರೆ ಪರಿಮಳ. ಮಳೆಗಾಲದಲ್ಲಿ ದಂಡೆ ಕುಸಿದು ಒಂದು ಮರ ಹೊಳೆಗೆ ಬಿದ್ದರೆ ಉಪ್ಪಿನಕಾಯಿಯ ಒಂದು ರುಚಿ ಹೋಯಿತು, ಜಾತಿಯ ಲೆಕ್ಕದಲ್ಲಿ ಏನೂ ಹೋಗಲಿಲ್ಲ.

ಕತ್ತಲೆಕಾನಿನ ಜಡ್ಡಿ

ಸಿದ್ದಾಪುರ ತಾಲ್ಲೂಕಿನಲ್ಲಿ, ಹೊನ್ನಾವರದಿಂದ ಜೋಗಕ್ಕೆ ಹೋಗುವ ದಾರಿಗೆ ಹತ್ತಿರ, ಹೆಸರಿಗೆ ತಕ್ಕ ಕತ್ತಲೆಕಾನು ಇದೆ. ಕಾನು ಎಂದರೆ ಮಲೆನಾಡಿನವರು ದೇವರು, ನೀರು, ಕಾಳುಮೆಣಸು ಮೂರರ ಸಲುವಾಗಿಯೂ ಕಡಿಯದೆ ಬಿಟ್ಟ ನಿತ್ಯಹಸುರಿನ ದಟ್ಟ ಕಾಡು. ಅಂಥ ಕಾಡಿನ ತಗ್ಗಿನಲ್ಲಿ, ವರ್ಷವಿಡೀ ನೀರು ಜಿನುಗುವ ಕೆಸರಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಜಾಯಿಕಾಯಿಯ ಬಳಗದ ಮರಗಳು ಅಲ್ಲಿ ಊರುಗೋಲಿನಂಥ ಬೇರುಗಳ ಮೇಲೆ ನಿಂತಿರುತ್ತವೆ. ಕೆಸರಿನಲ್ಲಿ ಗಾಳಿ ಸಿಗದ ಕಾರಣ ಕೆಲವು ಬೇರುಗಳು ಮೊಣಕಾಲು ಮಡಚಿದಂತೆ ಮೇಲೆದ್ದು ಉಸಿರಾಡಿ ಮತ್ತೆ ಮಣ್ಣಿಗಿಳಿಯುತ್ತವೆ. ವಿಜ್ಞಾನದ ದಾಖಲೆಯಲ್ಲಿ ಇಂಥ ಜಡ್ಡಿಗಳು ಮೊದಲು ಬಂದದ್ದು 1960ರಲ್ಲಿ, ತಿರುವಾಂಕೂರು ಸೀಮೆಯಿಂದ. ಉತ್ತರ ಕನ್ನಡದವು ಬೆಳಕಿಗೆ ಬಂದದ್ದು ಬಹಳ ತಡವಾಗಿ.

2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಇಲ್ಲಿಂದ ಗೇರಿನ ಸಂಬಂಧದ ಹೊಸ ಮರವೊಂದನ್ನು ವಿವರಿಸಿ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಊರಿನ ಹೆಸರನ್ನೇ ಇಟ್ಟರು. ಈ ಮರದ ಕಷ್ಟ ಕೊಡಲಿಯೊಂದರಿಂದಲೇ ಬಂದದ್ದಲ್ಲ. ಗಂಡುಮರ ಬೇರೆ, ಹೆಣ್ಣುಮರ ಬೇರೆ. ಒಂದು ಜಡ್ಡಿಯಲ್ಲಿ ಬೆರಳೆಣಿಕೆಯಷ್ಟು ಮರ, ಮುಂದಿನ ಜಡ್ಡಿ ಇನ್ನೊಂದು ಕಣಿವೆಯಲ್ಲಿ. ಬೀಜ ಒಣಗಿದರೆ ಸತ್ತಿತು, ಆದ್ದರಿಂದ ಡಬ್ಬಿಯಲ್ಲಿ ತುಂಬಿಡುವಂತಿಲ್ಲ. ಬಿದ್ದ ಕೂಡಲೇ ತೇವದಲ್ಲಿ ಮೊಳೆಯಬೇಕು. ಇವೆಲ್ಲದಕ್ಕೂ ಮೇಲೆ, ಜಡ್ಡಿಗೆ ಬೇಕಾದ ನೀರೇ ಕೆಳಗಿನ ಅಡಿಕೆ ತೋಟಕ್ಕೂ ಬೇಕು. ಎಷ್ಟೋ ಕಣಿವೆಗಳಲ್ಲಿ ಜಡ್ಡಿ ಇದ್ದ ತಗ್ಗೇ ತಲೆಮಾರುಗಳ ಹಿಂದೆ ತೋಟವಾಗಿದೆ. ಅದನ್ನು ಮಾಡಿದವರನ್ನು ದೂರಿ ಫಲವಿಲ್ಲ. ಭತ್ತ, ಅಡಿಕೆ ಬೆಳೆಯಲು ಘಟ್ಟದಲ್ಲಿ ಅದಕ್ಕಿಂತ ಒಳ್ಳೆಯ ನೆಲವಿರಲಿಲ್ಲ. ಈಗ ಉಳಿದಿರುವ ಜಡ್ಡಿಯ ಮೇಲ್ಭಾಗದಲ್ಲಿ ಕಾಲುವೆ ತಿರುಗಿಸಿದರೆ, ರಸ್ತೆಗೆ ಮೋರಿ ಕೂರಿಸಿ ನೀರನ್ನು ಬೇರೆ ಕಡೆ ಬಿಟ್ಟರೆ, ಒಂದು ಮರವನ್ನೂ ಕಡಿಯದೆ ಜಡ್ಡಿಯನ್ನು ಮುಗಿಸಬಹುದು ಎಂಬುದೇ ಆತಂಕ.

ಬೇರು, ತೊಗಟೆ, ಸಂತೆ

ಔಷಧಿಯ ಗಿಡಗಳ ಪಾಡು ಬೇರೆ. ಎಲೆ, ಹಣ್ಣು ಕೊಯ್ದರೆ ಗಿಡ ಉಳಿಯುತ್ತದೆ, ಬೇರು ಅಗೆದರೆ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಮಾಗಳಿ ಬೇರಿನ ಉಪ್ಪಿನಕಾಯಿ ಹಾಕುವ ಮನೆಗಳಲ್ಲಿ ಆ ಘಾಟಿನ ಸುವಾಸನೆ ಎಲ್ಲರಿಗೂ ಗೊತ್ತು, ಬೇರಿನ ಮೇಲಿದ್ದ ಬಳ್ಳಿಯನ್ನು ನೋಡಿದವರು ಕಡಿಮೆ. ಸಾವನದುರ್ಗದಂಥ ಕಲ್ಲುಬೆಟ್ಟಗಳ, ಬಿಳಿಗಿರಿರಂಗನ ಬೆಟ್ಟದ ಆ ಬಳ್ಳಿ ಈಗ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನದ್ದು. ಮರದರಿಶಿನದಲ್ಲಿ ಬರ್ಬೆರಿನ್ ಇರುವುದು ಹಳದಿ ಕಾಂಡದಲ್ಲಿ; ಹೂಬಿಡಲು ವರ್ಷಗಟ್ಟಲೆ ಕಾಯಬೇಕಾದ ಬಳ್ಳಿಯನ್ನು ಬುಡಕ್ಕೇ ಕಡಿಯುತ್ತಾರೆ. ಅಶೋಕದ ತೊಗಟೆಗೆ ಬೇಡಿಕೆ ಎಷ್ಟೆಂದರೆ ಸಂತೆಯಲ್ಲಿ ಬೇರೆ ಮರದ ತೊಗಟೆಯನ್ನು ಅದರ ಹೆಸರಲ್ಲಿ ಮಾರುತ್ತಾರೆ. ಮಲೆನಾಡಿನವರು ವಾಸನೆಗೆ ಮೂಗು ಮುಚ್ಚಿಕೊಂಡು ‘ದುರ್ವಾಸನೆ ಮರ’ ಎಂದು ದೂರವಿಟ್ಟಿದ್ದ ನೋತಪೋಡೈಟಿಸ್‌ನಲ್ಲಿ ಕ್ಯಾನ್ಸರ್ ಔಷಧಿಗೆ ಬೇಕಾದ ಕ್ಯಾಂಪ್ಟೋಥೆಸಿನ್ ಇದೆಯೆಂದು ತಿಳಿದ ಮೇಲೆ ಕಾಡುಗಳಿಂದ ಟನ್ನುಗಟ್ಟಲೆ ಸಾಗಿತು. ಯಾರೂ ಬಯಸದೆ ಇದ್ದದ್ದೇ ಅಲ್ಲಿಯವರೆಗೂ ಅದಕ್ಕೆ ಕಾವಲಾಗಿತ್ತು.

ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಗಿಡಗಳತ್ತ ನೋಡಿದ್ದು 1991ರಲ್ಲಿ. ಆಗ ಆರನೆಯ ಅನುಸೂಚಿಗೆ ಸೇರಿದವು ಆರೇ: ಬೆಡ್ಡೋಮ್ ಸೈಕಸ್, ನೀಲಿ ವಾಂಡ, ಕೆಂಪು ವಾಂಡ, ಪಾದರಕ್ಷೆಯಾಕಾರದ ಹೂವಿನ ಸೀತಾಳೆಗಳು, ಹೂಜಿ ಗಿಡ, ಕುಷ್ಠ. ಆಂಧ್ರ, ಮೇಘಾಲಯ, ಹಿಮಾಲಯದ ಹೆಸರುಗಳಿವು. ಕರ್ನಾಟಕದ ಕಾಡಿಗೆ ಸೇರಿದ್ದೆಂದು ಹೇಳಿಕೊಳ್ಳುವಂಥದು ಒಂದೂ ಇಲ್ಲ. 2022ರ ತಿದ್ದುಪಡಿ ಪಟ್ಟಿಯನ್ನು ಮೂರನೆಯ ಅನುಸೂಚಿಯಾಗಿ ಹಿಗ್ಗಿಸಿತು. ಗಡಿಯಾಚೆಗಿನ ವ್ಯಾಪಾರವನ್ನು 1973ರ ಸೈಟಿಸ್ ಒಪ್ಪಂದ ನೋಡಿಕೊಳ್ಳುತ್ತದೆ, ಭಾರತ ಅದನ್ನು 1976ರಲ್ಲಿ ಸೇರಿತು. 2002ರ ಜೀವವೈವಿಧ್ಯ ಕಾಯಿದೆಯ 38ನೆಯ ಕಲಮು ಅಳಿವಿನ ಹಾದಿಯಲ್ಲಿರುವ ಜಾತಿಗಳನ್ನು ರಾಜ್ಯವಾರು ಘೋಷಿಸಲು ಅವಕಾಶ ಕೊಟ್ಟಿದೆ. ನಲ್ಲೂರಿನಂಥ ಪಾರಂಪರಿಕ ತಾಣಗಳು 37ನೆಯ ಕಲಮಿನವು. ಊರೂರಿನ ಜೀವವೈವಿಧ್ಯ ಸಮಿತಿಗಳು ದಾಖಲಾತಿ ಪುಸ್ತಕ ಬರೆಯಬೇಕೆಂಬುದೂ ಇದೇ ಕಾಯಿದೆಯ ಮಾತು; ಹಲವೆಡೆ ಅದು ಕಚೇರಿಯ ಕಪಾಟು ತುಂಬುವ ಕೆಲಸವಾಗಿ ಮುಗಿದದ್ದು ಬೇಸರದ ಸಂಗತಿ.

ಕರ್ನಾಟಕದಲ್ಲಿ ಕಾನೂನಿನ ಹಳೆಯ ಪ್ರಯೋಗ ಶ್ರೀಗಂಧದ್ದು. ಟಿಪ್ಪು ಸುಲ್ತಾನನ ಕಾಲದಲ್ಲಿ ರಾಜವೃಕ್ಷವಾದ ಅದು ಆಮೇಲೂ ಸರ್ಕಾರದ ಸ್ವತ್ತಾಗಿಯೇ ಉಳಿಯಿತು. ಸ್ವಂತ ಹೊಲದಲ್ಲಿ ಗಂಧದ ಸಸಿ ಎದ್ದರೆ ರೈತನಿಗೆ ಬರುವುದು ಕೇಸು, ಕಳ್ಳರ ಭಯ, ಲಾಭವಲ್ಲ. ಹಾಗಾಗಿ ಸಸಿಯಿದ್ದಾಗಲೇ ಕಿತ್ತೆಸೆಯುವುದು ಜಾಣತನವಾಯಿತು. 2001ರ ತಿದ್ದುಪಡಿ ಬೆಳೆದವನೇ ಒಡೆಯ ಎಂದ ಮೇಲಷ್ಟೇ ಹೊಲಗಳಲ್ಲಿ ಗಂಧ ನೆಡುವವರು ಕಾಣಿಸಿಕೊಂಡರು. ರಕ್ಷಣೆಯ ಹೆಸರಿನ ಕಾನೂನೇ ಮರಕ್ಕೆ ಮುಳುವಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಇದಕ್ಕೆ ಎದುರಾಗಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯದ ಹಕ್ಕು ಸಿಕ್ಕಿದೆ. ಯಾವ ಬಳ್ಳಿ ಎಲ್ಲಿ ಉಳಿದಿದೆ ಎಂದು ತಿಳಿದವರಿಗೇ ಅದರ ಮೇಲೆ ಮಾತಿನ ಅಧಿಕಾರವಿರುವುದು ಪಟ್ಟಿಗಿಂತ ಗಟ್ಟಿ ಎಂದು ಕಾಣುತ್ತದೆ.

ಕಾಡಿನಲ್ಲಿ, ಕಾಡಿನಾಚೆ

ಉಳಿಸುವ ದಾರಿ ಎರಡು: ಇದ್ದಲ್ಲೇ ಕಾಯುವುದು, ಬೇರೆಡೆ ಬೆಳೆಸುವುದು. ಕೊಡಗಿನ 1,200ಕ್ಕೂ ಹೆಚ್ಚು ದೇವರಕಾಡುಗಳು, ಕರಾವಳಿಯ ನಾಗಬನಗಳು ಮೊದಲ ದಾರಿಯ ಹಳೆಯ ರೂಪ. 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಅರಣ್ಯ ಇಲಾಖೆಯೊಡನೆ ಸೇರಿ ದಕ್ಷಿಣದ ಮೂರು ರಾಜ್ಯಗಳಲ್ಲಿ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿತು. ತಲಕಾವೇರಿ, ದೇವಿಮನೆ, ಸಾವನದುರ್ಗ, ಸಂಡೂರು, ಬೀದರಿನ ಕರಪಾಕಪಳ್ಳಿ ಅವುಗಳಲ್ಲಿ ಕೆಲವು. ಮಳೆಕಾಡಿನಿಂದ ಬಯಲುಸೀಮೆಯವರೆಗೆ ಹರಡಿರುವ ಈ ಆಯ್ಕೆಯಲ್ಲಿ ವಿವೇಕವಿದೆ, ಏಕೆಂದರೆ ಅಪರೂಪದ ಗಿಡವೆಂದರೆ ಘಟ್ಟದ್ದೇ ಎಂಬ ರೂಢಿ ಕುರುಚಲು ಕಾಡುಗಳಿಗೆ ಬಹಳ ಅನ್ಯಾಯ ಮಾಡಿದೆ. ಕತ್ತಲೆಕಾನನ್ನು ಒಳಗೊಂಡ ಅಘನಾಶಿನಿ ಸಂರಕ್ಷಿತ ಪ್ರದೇಶ 2011ರಲ್ಲಿ ಘೋಷಣೆಯಾದದ್ದು ಗಿಡದ ಹೆಸರಲ್ಲಲ್ಲ, ಸಿಂಗಳೀಕದ ಹೆಸರಲ್ಲಿ. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಳಗೆ ಸೇರಿತು. ಮುಖವಿರುವ ಪ್ರಾಣಿಯ ಬೆನ್ನ ಮೇಲೆ ಕುಳಿತು ಜಡ್ಡಿಗಳೂ ಒಳಗೆ ಬಂದವು.

ಬೇರೆಡೆ ಬೆಳೆಸುವ ದಾರಿಯಲ್ಲಿ ಬೀಜಭಂಡಾರ ಅಗ್ಗದ್ದು, ಆದರೆ ಒಣಗಿಸಬಹುದಾದ ಬೀಜಗಳಿಗೆ ಮಾತ್ರ. ಮಳೆಕಾಡಿನ ಅನೇಕ ಮರಗಳಿಗೆ ಜೀವಂತ ತೋಟವೇ ಬೇಕು. ವೊಲ್ಫ್‌ಗಾಂಗ್ ಥೆಯರ್‌ಕಾಫ್ 1981ರಲ್ಲಿ ವಯನಾಡಿನಲ್ಲಿ ಕಟ್ಟಿದ ಗುರುಕುಲ 
ಸಸ್ಯಧಾಮ ಅಂಥದ್ದು. ಪತ್ತೆಯಾದ ಗಿಡದ ಜಾಗವನ್ನು ಗುಟ್ಟಾಗಿಡುವುದೂ ರಕ್ಷಣೆಯ ಒಂದು ಭಾಗವಾಗಿದೆ. ಹೊಸ ಸೀತಾಳೆಯ ನೆಲೆ ಪ್ರಕಟವಾದರೆ ಅದನ್ನು ಓದುವವರಲ್ಲಿ ಸಂಗ್ರಹದ ಹುಚ್ಚಿನವರೂ ಇರುತ್ತಾರೆ.

ಕತ್ತಲೆಕಾನಿನ ಮರದ ಬೀಜಗಳನ್ನು ಸಂಶೋಧಕರು ಜಡ್ಡಿಯಿಂದ ಆರಿಸಿ, ತೇವ ಆರದಂತೆ ನರ್ಸರಿಗೆ ತಂದು ಸಸಿ ಮಾಡಿದ್ದಾರೆ. ಸಸಿಯಾಗಿರುವಾಗ ಗಂಡು ಯಾವುದು ಹೆಣ್ಣು ಯಾವುದು ಎಂದು ನೋಡಿ ಹೇಳಲಾಗುವುದಿಲ್ಲ. ಮೊದಲ ಹೂವು ಬರುವವರೆಗೆ ಕಾಯಬೇಕು. ಜಡ್ಡಿಯಲ್ಲಿ ಅಷ್ಟು ವರ್ಷವೂ ಬೇಸಿಗೆಯಲ್ಲಿ ನೀರು ಜಿನುಗುತ್ತಿರಬೇಕು.